ಹಾಲೇಶಪ್ಪನ ಸಮತೋಲನ ಆಹಾರ

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಹಾಲೇಶಪ್ಪನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಭತ್ತ ಗೊತ್ತಿತ್ತು, ರಾಜಕೀಯ ಗೊತ್ತಿತ್ತು, ಹೆಂಡತಿ ಶೈಲಜಾಳ ತವರಿನವರ ತಪ್ಪುಗಳಂತೂ ಬಾಯಿಪಾಠ. ಅಂಥವನ ಎಂಟು ವರ್ಷದ ಮಗಳು ಕಾವ್ಯಾಳ ಶಾಲೆಯಿಂದ ಒಂದು ಚೀಟಿ ಬಂತು: ರಕ್ತ ಕಡಿಮೆ, ತೂಕ ಕಡಿಮೆ. ಕೆಳಗೆ ಯಾರೋ ಪುಣ್ಯಾತ್ಮರು “ಮೊಟ್ಟೆ ಕೊಡಿ” ಎಂದು ಬೇರೆ ಬರೆದಿದ್ದರು.

“ಮೊಟ್ಟೆ! ಲಿಂಗ ಕಟ್ಟಿಗೊಂಡ ಮನಿಗೆ!” (ಲಿಂಗ ಗೂಟಕ್ಕೆ ನೇತಾಡುತ್ತಿತ್ತು, ಆ ಮಾತು ಬೇರೆ.) “ಕಾಯಿಪಲ್ಲೆ ತಿನಿಸೇ ಪೈಲ್ವಾನ್ ಮಾಡ್ತೀನಿ, ನೋಡ್ತಿರು!”

“ಮೊದ್ಲು ಮನ್ಯಾಗ ರೊಟ್ಟಿ ಸುರು ಮಾಡೋಣ್ರಿ,” ಎಂದಳು ಶೈಲಜಾ.

“ರೊಟ್ಟಿ ಕೂಲಿಯೋರ ಊಟ. ಇದು ವಿಜ್ಞಾನ!”

ಗಿರಣಿಯವರ ಮನೆಯಲ್ಲಿ ಮೂರು ಹೊತ್ತೂ ಮಲ್ಲಿಗೆಯಂಥ ಬಿಳಿ ಅನ್ನವೇ ಬೇಯಬೇಕು, ಇಲ್ಲದಿದ್ದರೆ ಮರ್ಯಾದೆ ಏನಾದೀತು ಎಂದು ಜೋಳದ ರೊಟ್ಟಿಗೆ ತಿಲಾಂಜಲಿ ಕೊಟ್ಟವನು ಅವನೇ. ಈಗ ಫೋನು ನೋಡಿ ಚಾರ್ಟು ಬರೆದ. ಸೋಮವಾರ ಹೊಸಪೇಟೆಯಿಂದ ತರಿಸಿದ ಬೆಣ್ಣೆಹಣ್ಣು, ಮಂಗಳವಾರ ಸೋಯಾ ಪನೀರು (ರುಚಿ ನೆನೆದ ರಟ್ಟಿನದು), ಬುಧವಾರ ಅಗಸೆ ಹಾಕಿದ ಹಸಿರು ಜ್ಯೂಸು. ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದ ಕಾವ್ಯಾ ಡಬ್ಬಿ ಹಿಡಿದು, ಎಮ್ಮೆ ಕಟ್ಟಿದ್ದ ಗಿರಣಿಯ ಹಿತ್ತಲಿಗೆ ಹೋಗುವಳು. ಹತ್ತೇ ನಿಮಿಷಕ್ಕೆ ಡಬ್ಬಿ ಖಾಲಿಯಾಗಿರುತ್ತಿತ್ತು.

ಒಂದು ಮಧ್ಯಾಹ್ನ ಹಾಲೇಶಪ್ಪ ಹಿತ್ತಲಿಗೆ ಇಣುಕಿದರೆ, ಭತ್ತ ಹರವುವ ದುರ್ಗಕ್ಕ ತನ್ನ ಬುತ್ತಿ ಬಿಚ್ಚಿ ಕಾವ್ಯಾಳ ಕೈಗೆ ರೊಟ್ಟಿ ಇಡುತ್ತಿದ್ದಾಳೆ! ಅವನಿಗೆ ಪಿತ್ತ ನೆತ್ತಿಗೇರಿತು.

“ದುರ್ಗಕ್ಕ! ನಮ್ ಹುಡುಗಿಗೆ ನಿನ್ನ ಬುತ್ತಿ ಮುಟ್ಟಿಸಬ್ಯಾಡ. ನಿಮ್ ಬೋಗಾಣ್ಯಾಗ ಏನೇನು ಬೇಯ್ತೈತೋ ಯಾರಿಗ್ ಗೊತ್ತು?”

ಅಂಗಳದ ಹನ್ನೆರಡು ಕೂಲಿಯವರೂ ತಲೆ ಎತ್ತಿ ನೋಡಿದರು. ದುರ್ಗಕ್ಕ ಬುತ್ತಿಯ ಮೇಲೆ ಸೆರಗು ಎಳೆದುಕೊಂಡಳು.

ನಾಲ್ಕು ತಿಂಗಳಲ್ಲಿ ಕಾವ್ಯಾಳ ತೂಕ ಏರಿತು, ರಕ್ತವೂ ಏರಿತು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಹಾಲೇಶಪ್ಪನ ಗತ್ತು. ಪಾಲಕರ ಸಭೆಯಲ್ಲಿ ಎರಡು ಮಾತಾಡಿ ಎಂದು ಹೆಡ್‌ಮೇಡಂ ಕರೆದರು. ಅವನು ಪ್ರೋಟೀನು, ಕಬ್ಬಿಣ, ಸಸ್ಯಾಹಾರದ ಸನಾತನ ಮಹಿಮೆ ಎಂದು ಮುಕ್ಕಾಲು ಗಂಟೆ ಕೊರೆದ. ಕೊನೆಗೆ ಮೇಡಂ ಕಾವ್ಯಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೇಳಿದರು: “ಅಪ್ಪ ಕೊಡೂದ್ರಾಗ ನಿನಗ ಯಾವ್ದು ಭಾಳ ಸೇರ್ತೈತಿ, ಪುಟ್ಟಿ?”

“ಅದನ್ನೆಲ್ಲ ನಮ್ ಎಮ್ಮಿ ತಿಂತೈತ್ರಿ. ನಾ ದುರ್ಗಕ್ಕನ ರೊಟ್ಟಿ, ಹೆಸರುಕಾಳು, ಪುಂಡಿಪಲ್ಲೆ, ಶೇಂಗಾ ಚಟ್ನಿ ತಿಂತೀನಿ. ಅಪ್ಪಗ ಹೇಳಬ್ಯಾಡ್ರಿ.”

ಅಪ್ಪ ಮೈಕು ಹಿಡಿದು ಒಂದು ಮೊಳ ದೂರದಲ್ಲಿದ್ದ. ಸಭೆ ಬಿದ್ದು ಬಿದ್ದು ನಕ್ಕಿತು. ಶೈಲಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. (ಹೆಗಲು ಕುಲುಕುತ್ತಿದ್ದುದು ಅಳುವಿಗಲ್ಲ.)

“ಲೇ, ಆಕಿ ಮನ್ಯಾಗ ಕೋಳಿ ಬೇಯ್ತೈತಲ್ಲ!” ಎಂದ ಹಾಲೇಶಪ್ಪ, ಮೈಕಿನಲ್ಲೇ.

“ನೀ ಬೈದ ದಿನದಿಂದ ನನಗ ಬ್ಯಾರೆ ಬೋಗಾಣಿ ಇಟ್ಟಾಳಪ್ಪ. ಕೋಳಿ ಮಾಡೋ ದಿನ ಮೊದ್ಲು ನಂದು ಮಾಡಿ, ಆಮ್ಯಾಲೆ ಅವರ್ದು. ‘ಹಸ್ದ ಕೂಸಿಗೆ ಇಲ್ಲ ಅನ್ನಾಕ ಆಗಂಗಿಲ್ಲ, ನಿಮ್ಮನಿ ನೇಮಾನೂ ಕೆಡಬಾರ್ದು’ ಅಂತಾಳ.”

ನಗು ಥಟ್ಟನೆ ನಿಂತಿತು. ಅದಕ್ಕಿಂತ ಜನ ನಗುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಹಾಲೇಶಪ್ಪನಿಗೆ. ತಾನು ಕಾಪಾಡಿದೆನೆಂದು ಬೀಗಿದ್ದ ನೇಮವನ್ನು ಕಾಪಾಡಿದವಳು ದುರ್ಗಕ್ಕ. ನಾಚಿಕೆಯಿಂದ ಅವನ ಕಿವಿ ಕೆಂಪಾದವು.

ಮರುದಿನ ಊಟದ ಹೊತ್ತಿಗೆ ಹಿತ್ತಲಿಗೆ ಹೋದ. ದುರ್ಗಕ್ಕ, ಕಾವ್ಯಾ ಎದುರುಬದುರು ಕೂತಿದ್ದರು. ಅವನು ಬಗ್ಗಿ, ದುರ್ಗಕ್ಕನ ಕಿವಿಗಷ್ಟೇ ಬೀಳುವಂತೆ, “ನಂದು ತಪ್ಪಾತು,” ಎಂದ.

“ಇರ್ಲಿ ಬಿಡ್ರಿ ಸಾವ್ಕಾರ್ರ. ಕುಂದ್ರಿ, ಕೂಸಿನ ಬೋಗಾಣ್ಯಾಗ ಇನ್ನೊಂದು ತುತ್ತು ಐತಿ.”

ಹಾಲೇಶಪ್ಪ ಹಗುರಾಗಿ ಕೂತು ಕೈ ಚಾಚಿದ. ಕಾವ್ಯಾ ಬೋಗಾಣಿಯನ್ನು ತನ್ನ ಕಡೆ ಎಳೆದುಕೊಂಡಳು.

“ಬೈದಿದ್ದು ಎಲ್ಲಾರ್ಗೂ ಕೇಳಿತ್ತಪ್ಪ.”

ಹನ್ನೆರಡು ಮಂದಿಯೂ ಅಗಿಯುವುದು ನಿಲ್ಲಿಸಿದ್ದರು. ಮುಕ್ಕಾಲು ಗಂಟೆ ಮೈಕು ಹಿಡಿದಿದ್ದವನು ಎದ್ದು ನಿಂತು ಹೇಳಿದ: “ದುರ್ಗಕ್ಕ, ನಂದು ತಪ್ಪಾತು.”

“ಇಲ್ಲೀತನಾ ಕೇಳ್ಸಲಿಲ್ರೀ!” ಎಂದಳು ಅಂಗಳದ ಆ ತುದಿಯಿಂದ ಮುದುಕಿ ಹೊಳೆಮ್ಮ.

ಹಾಲೇಶಪ್ಪ ಮೂರನೆಯ ಸಲ ಹೇಳಬೇಕಾಯಿತು.