ಮಾವನವರ ಪರಸಿ, ಬೇಗಮರ ಬಾಡಿಗೆ

ಮನೆ ಕಟ್ಟಿದವರು ಆಮೇಲೆ ಹಾಸುಗಲ್ಲು ಹುಡುಕಿಕೊಂಡು ಹೋಗುವುದು ಲೋಕದ ರೂಢಿ. ನನ್ನದು ಉಲ್ಟಾ. ನನ್ನ ಬಳಿ ಹಾಸುಗಲ್ಲು ಇತ್ತು, ಅದಕ್ಕೊಂದು ಮನೆ ಹುಡುಕುತ್ತಿದ್ದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ಗಾದೆ ಮಾಡಿದ ಪುಣ್ಯಾತ್ಮ ಹೈದರಾಬಾದ್ ಶಹರದಲ್ಲಿ ಮನೆ ಹುಡುಕಿದವನಲ್ಲ. ಅಲ್ಲಿ ಕಡಲೆಗೂ ಬಾಡಿಗೆ, ಹಲ್ಲಿಗೂ ಬಾಡಿಗೆ.

ನಾನು ಹುಟ್ಟಿದ್ದು ನಾರಾಯಣಖೇಡದ ಆಚೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆಗೆ ಯಾರೂ ಬೆಲೆ ಕೇಳುತ್ತಿರಲಿಲ್ಲ. ಮಣ್ಣು ಹೊಲದ್ದು, ಕಟ್ಟಿಗೆ ಅಡವಿಯದು, ಕೈ ನಮ್ಮದೇ. ಮಳೆಗೆ ಒಂದು ಗೋಡೆ ಬಿದ್ದರೆ ಓಣಿಯವರೆಲ್ಲ ಸೇರಿ ಎತ್ತುತ್ತಿದ್ದರು, ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಹೋಗುತ್ತಿದ್ದರು. ಇಂಥ ಊರಿನಲ್ಲಿ ಸುಮ್ಮನೆ ಇರುವುದು ಬಿಟ್ಟು ನಾನು ಉರ್ದು ಕಲಿತೆ, ಪರೀಕ್ಷೆ ಪಾಸು ಮಾಡಿದೆ, ಶಹರದ ಒಂದು ಸರ್ಕಾರಿ ದಫ್ತರದಲ್ಲಿ ಗುಮಾಸ್ತನಾದೆ. ಹಬ್ಬಕ್ಕೆ ಶೇರ್ವಾನಿ ತೊಟ್ಟು ಊರಿಗೆ ಹೋದರೆ ನಾಯಿಗಳು ಬೊಗಳುತ್ತಿದ್ದವು, ಮನುಷ್ಯರು ಎದ್ದು ನಿಲ್ಲುತ್ತಿದ್ದರು. ನಾಯಿಗಳಿಗೆ ನನ್ನ ಸಂಬಳ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ನನಗೆ ಹೆಣ್ಣು ನೋಡಿದವಳು ಜಹೀರಾಬಾದಿಗೆ ಕೊಟ್ಟಿದ್ದ ನನ್ನ ಅಕ್ಕ. ಹೆಣ್ಣು ತಾಂಡೂರಿನ ಸಂಗಪ್ಪನವರ ಮಗಳು ಗೌರಮ್ಮ. ಸಂಗಪ್ಪನವರದು ಕಲ್ಲಿನ ವ್ಯಾಪಾರ. ತಾಂಡೂರಿನ ನೆಲ ಅಗೆದರೆ ಪದರು ಪದರಾಗಿ ಏಳುವ ನೀಲಿ ಕಲ್ಲು, ಅದನ್ನೇ ನಾವು ಪರಸಿ ಅನ್ನುತ್ತೇವೆ, ಅದನ್ನು ಕಡಿಸಿ ನೆಲಕ್ಕೆ ಹಾಸಲು ಮಾರುತ್ತಿದ್ದರು. ಮಾತುಕತೆಗೆ ಕೂತಾಗ ಅವರು ಕೇಳಿದ್ದು ಒಂದೇ ಮಾತು.

"ಶಹರದಾಗ ಸ್ವಂತ ಮನಿ ಅದ ಏನ್ರಿ?"

"ಇವತ್ತಿಲ್ರಿ, ನಾಳಿ ಆಗ್ತದ. ಸರ್ಕಾರಿ ನೌಕರಿ ಅದ, ಮನಿ ಏನ್ ದೊಡ್ಡ ಮಾತು?" ಎಂದಳು ಅಕ್ಕ. ಅವಳು ಶಹರ ನೋಡಿರಲಿಲ್ಲ. ನೋಡಿದ್ದ ನಾನು ತಲೆ ತಗ್ಗಿಸಿ ಕೂತಿದ್ದೆ, ಅದನ್ನು ಅವರು ವಿನಯ ಎಂದುಕೊಂಡರು.

"ಹಂಗಾದ್ರ ಆತು ಬಿಡ್ರಿ. ಮನಿ ನಿಮ್ದು, ಪರಸಿ ನಮ್ದು. ಆದ್ರ ಒಂದ್ ಮಾತ ಹೇಳ್ತೀನಿ, ನಮ್ಮ ಮನಿ ಹೆಣ್ಮಗಳು ಬಾಡಿಗಿ ಮನ್ಯಾಗ ಇರಂಗಿಲ್ಲ. ಮನಿ ಆಗ್ಲಿ, ಕಳಸ್ತೀನಿ" ಎಂದರು ಮಾವನವರು.

ಇದು ಅವರ ಮನೆತನದ ಪದ್ಧತಿ. ಮಗಳು ಮನೆ ಮಾಡಿದರೆ ಲಿಂಗಪೂಜೆಗೆ ಕೂಡುವ ಕೋಣೆಯ ಪರಸಿ ತವರಿನದೇ ಆಗಬೇಕು, ಮೊದಲ ಕಲ್ಲನ್ನು ಮಗಳೇ ಹಾಲು ಹಾಕಿ ಹಾಸಬೇಕು. ಒಮ್ಮೆ ಹಾಸಿದ್ದನ್ನು ಮತ್ತೆ ಎಬ್ಬಿಸಬಾರದು. ತವರಿನ ಪರಸಿ ಏಳುವುದೆಂದರೆ ಆ ಮನೆಯ ದೀಪ ಆರಿತು ಎಂದೇ ಅರ್ಥ. ಹೀಗಾಗಿ ಬಾಡಿಗೆ ಮನೆಗೆ ಅದನ್ನು ಯಾರೂ ಹಾಸುವುದಿಲ್ಲ. ಕಲ್ಲಿನವರಿಗೆ ಎಲ್ಲವೂ ಕಾಯಂ ಆಗಿ ಕಾಣುತ್ತದೆ. ಗುಮಾಸ್ತನಿಗೆ ಕಾಯಂ ಆಗಿ ಕಾಣುವುದು ಮೇಲಿನ ಸಾಹೇಬರ ಸಿಟ್ಟೊಂದೇ.

ಮದುವೆಯಾಯಿತು. ಹೆಂಡತಿ ತಾಂಡೂರಿನಲ್ಲಿ, ನಾನು ಶಹರದಲ್ಲಿ. ಹೈದರಾಬಾದ್ ಸಂಸ್ಥಾನದ ದಫ್ತರಗಳಿಗೆ ಶುಕ್ರವಾರ ರಜೆ. ಗುರುವಾರ ಸಂಜೆಯ ಗಾಡಿ ಹಿಡಿದು ತಾಂಡೂರಿಗೆ ಹೋಗುವುದು, ಶುಕ್ರವಾರ ಅಳಿಯನಾಗಿ ಉಣ್ಣುವುದು, ಮತ್ತೆ ಗಾಡಿ ಹತ್ತುವುದು. ಹೊರಡುವಾಗ ಮಾವನವರು ಅಂಗಳಕ್ಕೆ ಬಂದು, "ಅಳಿಯನ್ನ ಬರಿಗೈಲೆ ಕಳಸಬಾರದು" ಎಂದು ಒಂದು ಪರಸಿ ಕೊಡುತ್ತಿದ್ದರು. ಬೇರೆ ಮಾವಂದಿರು ಚಕ್ಕುಲಿ ಕೊಡುತ್ತಾರೆ. ಒಂದೇ ಸಲ ವ್ಯಾಗನ್ನಿನಲ್ಲಿ ಕಳಿಸಿಬಿಡಿ ಎಂದು ನಾನು ಹೇಳಬಹುದಿತ್ತು. ಎಲ್ಲಿಗೆ ಕಳಿಸಲಿ ಎಂದು ಅವರು ಕೇಳಿದರೆ ಏನು ಹೇಳುವುದು?

ಪರಸಿಯೊಂದಿಗೆ ರೈಲು ಪ್ರಯಾಣ ಮಾಡಿದವರು ನನ್ನ ಕಷ್ಟ ಅರಿಯಬಹುದು, ಆದರೆ ಅಂಥವರು ನನಗೆ ಈವರೆಗೆ ಸಿಕ್ಕಿಲ್ಲ. ಅಂಚು ಮುಕ್ಕಾಗಬಾರದೆಂದು ಗೌರಮ್ಮ ಅದಕ್ಕೆ ಕಂಬಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ನಾನು ಅದನ್ನು ಸೀಟಿನ ಕೆಳಗೆ ಉದ್ದಕ್ಕೆ ಮಲಗಿಸುತ್ತಿದ್ದೆ. ಒಮ್ಮೆ ವಿಕಾರಾಬಾದಿನಲ್ಲಿ ಹತ್ತಿದ ಮುದುಕಿಯೊಬ್ಬಳು ಬಹಳ ಹೊತ್ತು ಅದನ್ನೇ ನೋಡಿ, ಮೆಲ್ಲಗೆ, "ಯಾರಪ್ಪಾ, ಮಗುವೇನು?" ಎಂದು ಕೇಳಿದಳು. ಅಲ್ಲವ್ವ, ಮಾವ ಕೊಟ್ಟಿದ್ದು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬೇರೆ ಡಬ್ಬಿಗೆ ಹೋದಳು. ನಾನು ಕಾಲು ಚಾಚಿ ಕೂತೆ. ಕಲ್ಲಿನಿಂದ ನನಗೆ ಆದ ಏಕೈಕ ಲಾಭ ಅದು.

ಶಹರದಲ್ಲಿ ನನಗಿದ್ದದ್ದು ಹಳೆಯ ಬಸ್ತಿಯ ಗಲ್ಲಿಯೊಂದರಲ್ಲಿ ಒಂದು ಕೋಣೆ. ಒಡತಿ ವಯಸ್ಸಾದ ಬೇಗಮ್ ಸಾಹೇಬರು. ಗಂಡ ತೀರಿಹೋಗಿ, ಮನೆತನಕ್ಕೆ ಬರುತ್ತಿದ್ದ ಹಣ ಸೊರಗಿ, ದೊಡ್ಡ ಮನೆಯ ಕೋಣೆಗಳನ್ನು ಒಂದೊಂದಾಗಿ ಬಾಡಿಗೆಗೆ ಕೊಟ್ಟು ತಾವು ಒಳಗೆ ಒಳಗೆ ಸರಿಯುತ್ತ ಹೋಗಿದ್ದರು. ಅವರ ಮುಖವನ್ನು ನಾನು ಕಡೆತನಕ ನೋಡಲಿಲ್ಲ. ಪರದೆಯ ಹಿಂದಿನಿಂದ ಸಕ್ಕರೆಯಂಥ ದಖನಿ ಉರ್ದುವಿನಲ್ಲಿ, "ಮುನ್ಶೀಜಿ, ತಬಿಯತ್ ಹೇಗಿದೆ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿದರೆ ಬಾಡಿಗೆಯ ದಿನ ಬಂತು ಎಂದು ತಿಳಿಯಬೇಕು. ಕೋಣೆಯ ನೆಲದ ಗಚ್ಚು ಕಿತ್ತು ಹೋಗಿತ್ತು. ಹೆಗ್ಗಣಗಳು ಬಾಡಿಗೆ ಕೊಡದೆ ನನಗಿಂತ ವಿಶಾಲವಾದ ಜಾಗದಲ್ಲಿ ವಾಸವಾಗಿದ್ದವು.

ಆ ಕೋಣೆಗೆ ವಾರಕ್ಕೊಂದು ಪರಸಿ ಬಂದು ಗೋಡೆಗೆ ಒರಗತೊಡಗಿತು. ಮೊದಲು ಕಿಟಕಿ ಮುಚ್ಚಿತು. ಆಮೇಲೆ ನನ್ನ ಹಾಸಿಗೆ ಅರ್ಧ ಮಡಿಚಿತು. ಕೊನೆಗೆ ನಾನು ಅವುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆಯೇ ಮಲಗುವುದಾಯಿತು. ಸಂಬಳದ ಅರ್ಧವನ್ನು ಬಾಡಿಗೆಯಾಗಿ ಕೊಡುತ್ತಿದ್ದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ಕಲ್ಲುಗಳ ವಸತಿಗೆ ಹೋಗುತ್ತಿತ್ತು. ಗಾಡಿಯಲ್ಲಿ ನಾನು ಅವುಗಳನ್ನು ಹೊತ್ತರೆ, ಕೋಣೆಯಲ್ಲಿ ಅವು ನನ್ನನ್ನು ಹೊತ್ತವು, ಅಷ್ಟರಮಟ್ಟಿಗೆ ನ್ಯಾಯವಿತ್ತು.

ಮನೆ ಹುಡುಕಲಿಲ್ಲವೆಂದಲ್ಲ. ಮೊದಲು ದಫ್ತರದ ಹಿಂದಿನ ಓಣಿಯಲ್ಲೇ ಕೇಳಿದೆ. ದಲ್ಲಾಳಿ ನನ್ನ ಚಪ್ಪಲಿ ನೋಡಿ ನಕ್ಕ. ಹೊಟ್ಟೆ ಕಟ್ಟಿ ಒಂದಿಷ್ಟು ಕೂಡಿಸಿಕೊಂಡು ಹೋಗುವಷ್ಟರಲ್ಲಿ ಬೆಲೆ ನನಗಿಂತ ಮುಂದೆ ಹೋಗಿರುತ್ತಿತ್ತು. ಜಾಗ ಬೇಗಂಪೇಟೆಗೆ ಸರಿಯಿತು. ಆಮೇಲೆ ಲಿಂಗಂಪಲ್ಲಿಯ ಬಂಡೆಗಳ ನಡುವೆ ಕೇಳಿದೆ. ಅಲ್ಲೂ ಆಗದೆ ಶಂಕರಪಲ್ಲಿಯ ಕಡೆ ನೋಡಿದೆ. ಹೀಗೆ ನನ್ನ ಕೈಗೆ ಎಟುಕುವ ಜಾಗವನ್ನು ಹುಡುಕುತ್ತ ಹುಡುಕುತ್ತ ರೈಲು ಹಾದಿಯಲ್ಲೇ ನಡೆದರೆ ಕೊನೆಗೆ ತಾಂಡೂರೇ ಬರುತ್ತಿತ್ತು. ಅಲ್ಲಿ ನನಗೆ ಉಚಿತವಾಗಿ ಮನೆಯಿತ್ತು, ಮಾವನದು.

ಒಂದು ಚಳಿಗಾಲದಲ್ಲಿ ನನಗೆ ಜ್ವರ ಬಂತು. ಗುರುವಾರದ ಗಾಡಿ ತಪ್ಪಿತು, ಮುಂದಿನ ಗುರುವಾರದ್ದೂ ತಪ್ಪಿತು. ಅದಾದ ಮೂರನೆಯ ದಿನಕ್ಕೆ ನೋಡಿದರೆ, ಸಿಕಂದರಾಬಾದಿಗೆ ಹೊರಟಿದ್ದ ನೆರೆಯವರ ಜೊತೆ ಗೌರಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಕಲ್ಲುಗಳ ಮೇಲೆ ಚಾದರ ಹೊದ್ದು ಮಲಗಿದ್ದೆ. ಅವಳು ಕೋಣೆಯ ನಾಲ್ಕೂ ಮೂಲೆ ನೋಡಿದಳು. ನೋಡಲು ಹೊತ್ತೇನೂ ಹಿಡಿಯಲಿಲ್ಲ.

"ಇದೇನ್ರಿ ನಿಮ್ಮ ಮನಿ?"

"ಸದ್ಯಕ್ಕ ಇದೇ."

"ಸದ್ಯಕ್ಕ ಸದ್ಯಕ್ಕ ಅಂತ ಎಷ್ಟ್ ದಿನಾ ಆತು?"

ನಾನು ಹೊಸ ಜಾಗದ ಮಾತೆತ್ತಿದೆ, ದಲ್ಲಾಳಿ ಕೊಟ್ಟ ಭರವಸೆ ಹೇಳಿದೆ, ಭಡ್ತಿಯ ಆಸೆ ಹೇಳಿದೆ. ಅವಳು ಕೇಳುತ್ತ ಗಂಜಿ ಕಾಯಿಸಿದಳು. ಆಮೇಲೆ ನನ್ನ ತಲೆಯ ಹತ್ತಿರದ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದಳು.

"ಕಲ್ಲಿಗಿ ವಯಸ್ಸಾಗಂಗಿಲ್ಲ, ಅವು ಕಾಯ್ತಾವ. ನಾ ಕಾಯಂಗಿಲ್ರಿ. ಇಲ್ಲೇ ಹಾಸೋಣ."

"ಬಾಡಿಗಿ ಕೋಲಿ ಇದು. ಹಾಸಿದ್ರ ಎಬ್ಬಸಾಕ ಬರಂಗಿಲ್ಲ. ಅಪ್ಪಗ ಏನ್ ಹೇಳ್ತಿ?"

"ಅಪ್ಪಗ ನಾ ಹೇಳ್ತೀನಿ. ಗಂಡ ಇದ್ದಲ್ಲಿ ಮನಿ, ಮನಿ ಇದ್ದಲ್ಲಿ ಪರಸಿ."

ಅವಳು ಪರದೆಯ ಒಳಗೆ ಹೋಗಿ ಬೇಗಮರನ್ನು ಕೇಳಿದಳು. ಇವಳಿಗೆ ದಖನಿ ಅರ್ಧಂಬರ್ಧ, ಅವರಿಗೆ ಕನ್ನಡ ಇಲ್ಲವೇ ಇಲ್ಲ. ಆದರೂ ನಗುತ್ತ ಹೊರಬಂದಳು. "ತವರಿನ ಕಲ್ಲು ಅಂದ್ರ ಬ್ಯಾಡ ಅನ್ನಾಕ ನಾ ಯಾರು ಮಗಳ, ಅಂದ್ರು. ಥೇಟ್ ನಮ್ಮ ಅಜ್ಜಿ ಹಂಗ ಅದಾರ" ಎಂದಳು. ಮೊದಲ ಕಲ್ಲನ್ನು ಹಾಲು ಹಾಕಿ ಅವಳೇ ಹಾಸಿದಳು, ಉಳಿದದ್ದನ್ನು ಗೌಂಡಿ ಹಾಸಿದ. ಹೆಗ್ಗಣಗಳು ಪಕ್ಕದ ಕೋಣೆಗೆ ಬಿಡಾರ ಬದಲಿಸಿದವು. ನೀಲಿ ನೆಲ ತೊಳೆದರೆ ಅದರಲ್ಲಿ ಕಿಟಕಿ ಕಾಣುತ್ತಿತ್ತು. ಗೌರಮ್ಮ ತಾಂಡೂರಿಗೆ ಹಿಂತಿರುಗಲಿಲ್ಲ.

ಆ ಕೆಲವು ತಿಂಗಳು ನಾನು ಸುಖವಾಗಿದ್ದೆ. ಇದನ್ನು ಸುತ್ತಿ ಬಳಸಿ ಹೇಳಬೇಕಾದದ್ದೇನೂ ಇಲ್ಲ. ದಫ್ತರದಿಂದ ಬಂದರೆ ದೀಪ ಹತ್ತಿರುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಗಲ್ಲಿಯ ತಿರುವಿಗೇ ಕೇಳುತ್ತಿತ್ತು. ಶಹರ ನನ್ನದೇ ಅನಿಸುತ್ತಿತ್ತು. ಬೇಗಮರು ಒಳಗಿನಿಂದ ಖೀರು ಕಳಿಸುತ್ತಿದ್ದರು, ಇವಳು ಹೋಳಿಗೆ ಕಳಿಸುತ್ತಿದ್ದಳು. ಬೇರೆ ಬಾಡಿಗೆದಾರರೂ ಬಂದು ಬಾಗಿಲಲ್ಲಿ ನಿಂತು ನೆಲ ನೋಡಿ ಹೋದರು. ನಾನು ಹೆಮ್ಮೆಯಿಂದ ಬಾಗಿಲು ಪೂರ್ತಿ ತೆರೆದಿಡುತ್ತಿದ್ದೆ. ಬುದ್ಧಿಯಿದ್ದವನು ಮುಚ್ಚಿಕೊಳ್ಳುತ್ತಿದ್ದ.

ಒಂದು ದಿನ ಪರದೆಯ ಹಿಂದಿನಿಂದ ಚಹಾ ಬಂತು, ಜೊತೆಗೆ ಬಿಸ್ಕೀಟು. ಬಿಸ್ಕೀಟು ನೋಡಿದಾಗಲೇ ನಾನು ಜೇಬು ಮುಟ್ಟಿಕೊಂಡೆ.

"ಮುನ್ಶೀಜಿ, ಗಚ್ಚು ಕಿತ್ತ ಕೋಣೆಗೂ ಪರಸಿಯ ಕೋಣೆಗೂ ಒಂದೇ ಕಿರಾಯಾ ಇಟ್ಟರೆ ಉಳಿದವರು ಏನೆಂದುಕೊಂಡಾರು?" ಎಂದರು ಬೇಗಮ್ ಸಾಹೇಬರು. "ವಕೀಲರೊಬ್ಬರು ನೋಡಿ ಹೋಗಿದ್ದಾರೆ. ನೆಲ ಬಹಳ ಒಪ್ಪಿದೆಯಂತೆ. ಆದರೆ ಮೊದಲ ಹಕ್ಕು ನಿಮ್ಮದೇ."

ಕಲ್ಲು ನಮ್ಮದಲ್ಲವೇ ಎಂದು ಕೇಳಿದೆ. ಹೌದು ಮುನ್ಶೀಜಿ, ಬೇಕಾದರೆ ಎಬ್ಬಿಸಿಕೊಂಡು ಹೋಗಿ, ನಾನು ಅಡ್ಡ ಬರುವುದಿಲ್ಲ ಎಂದರು. ಎಬ್ಬಿಸುವ ಹಾಗಿಲ್ಲವೆಂಬುದನ್ನು ಹೋಳಿಗೆ ಕೊಡಲು ಹೋದಾಗ ಗೌರಮ್ಮನೇ ಅವರಿಗೆ ವಿವರವಾಗಿ ಹೇಳಿದ್ದಳು. ಜಗಳವಾಡಲೂ ಮನಸ್ಸು ಬರಲಿಲ್ಲ. ಅವರ ಒಲೆಯಲ್ಲಿ ಯಾವ ದಿನ ಹೊಗೆ ಏಳುವುದಿಲ್ಲ ಎಂಬುದು ಇವಳಿಗೆ ಗೊತ್ತಿತ್ತು. ಏರಿಸಿದ ಬಾಡಿಗೆಯನ್ನು ನಾವು ಒಂದು ಹೊತ್ತು ಉಂಡು ಕೆಲವು ತಿಂಗಳು ಕೊಟ್ಟೆವು. ನಾನು ತಂದ ಕಲ್ಲು, ನನ್ನ ಹೆಂಡತಿ ಹಾಸಿದ ಕಲ್ಲು, ಅದರ ಮೇಲೆ ಕೂಡಲು ನಾನೇ ಹಣ ಕೊಡುತ್ತಿದ್ದೆ. ಆಮೇಲೆ ಕೊಡಲು ಏನೂ ಉಳಿಯಲಿಲ್ಲ.

ಬಿಡುವ ದಿನ ಗೌರಮ್ಮ ನೆಲವನ್ನು ತೊಳೆದಳು. ಯಾರದೋ ಮನೆ, ಯಾಕೆ ತೊಳೆಯುತ್ತೀ ಎಂದೆ. "ಪರಸಿ ನಮ್ಮಪ್ಪಂದದ" ಎಂದಳು. ತಾಂಡೂರಿನ ಗಾಡಿ ಹತ್ತಿದೆವು. ಸೀಟಿನ ಕೆಳಗೆ ಜಾಗ ಖಾಲಿಯಿತ್ತು, ನಾನು ಕಾಲು ಚಾಚಬಹುದಿತ್ತು. ಚಾಚಲಿಲ್ಲ.

ಈಗ ಅವಳು ತವರಿನಲ್ಲಿದ್ದಾಳೆ, ನಾನು ಶಹರದಲ್ಲಿ ನಾಲ್ಕು ಜನ ಗುಮಾಸ್ತರ ಜೊತೆ ಒಂದು ಕೋಣೆ ಹಂಚಿಕೊಂಡಿದ್ದೇನೆ. ಶುಕ್ರವಾರ ನಾನು ಹೊರಡುವಾಗ ಮಾವನವರು ಪರಸಿ ಕೊಡುವುದನ್ನು ನಿಲ್ಲಿಸಿ ಒಂದು ಗಂಟು ತೊಗರಿಬೇಳೆ ಕೊಡುತ್ತಾರೆ. ಹಗುರವಾದ ಆ ಗಂಟು ನನಗೆ ಕಲ್ಲಿಗಿಂತ ಭಾರವಾಗುತ್ತದೆ. ಇನ್ನೊಂದು ಸಂಗತಿ, ಮಾವನವರ ಮನೆಯ ನೆಲ ಸೆಗಣಿ ಸಾರಿಸಿದ ಮಣ್ಣಿನದು. ಇಷ್ಟು ವರ್ಷ ಅದನ್ನು ನಾನು ಗಮನಿಸಿರಲಿಲ್ಲ. ಒಳ್ಳೆಯ ಪರಸಿಯೆಲ್ಲ ಶಹರಕ್ಕೆ ಹೋಗುತ್ತದಂತೆ.

ವಾರಕ್ಕೊಮ್ಮೆ ಹೋದಾಗ ಗೌರಮ್ಮ ನನ್ನ ಭಡ್ತಿಯ ಸುದ್ದಿ ಕೇಳುವುದಿಲ್ಲ, ಹೊಸ ಜಾಗದ ಸುದ್ದಿಯನ್ನೂ ಕೇಳುವುದಿಲ್ಲ. "ನಮ್ಮ ಕೋಲಿ ಕಿರಾಯಾ ಎಷ್ಟ್ ಆಗ್ಯದ?" ಎಂದು ಕೇಳುತ್ತಾಳೆ. ಏರಿದೆ ಎಂದರೆ ಅವಳ ಮುಖ ಅರಳುತ್ತದೆ. ಬಾಡಿಗೆ ಏರಿತೆಂದು ಸಂತೋಷಪಡುವ ಹೆಂಗಸು ಇಡೀ ರಿಯಾಸತ್ತಿನಲ್ಲಿ ಇವಳೊಬ್ಬಳೇ ಇರಬೇಕು. ತನ್ನ ತವರಿನ ಕಲ್ಲಿಗೆ ಶಹರ ಕೊಡುವ ಮರ್ಯಾದೆ ಅದು ಎಂದು ಅವಳ ಎಣಿಕೆ. ಏರಿದಷ್ಟೂ ನಾವು ಅಲ್ಲಿಗೆ ಮರಳುವ ದಿನ ದೂರವಾಗುತ್ತದೆ ಎಂಬ ಲೆಕ್ಕ ಅವಳಿಗೆ ಬರುವುದಿಲ್ಲವೆಂದು ನಾನು ತಿಳಿದಿದ್ದೆ. ಬರುತ್ತದೆ. ಒಂದು ಸಲ ಒಲೆಯ ಮುಂದೆ ಕೂತು ತಾನಾಗಿಯೇ ಹೇಳಿದಳು. "ನಾವಂತೂ ಹೋಗಂಗಿಲ್ಲ. ಕಲ್ಲಾದ್ರೂ ದೊಡ್ಡೋರ ಕಾಲಾಗ ಇರ್ಲಿ."

ನಾವು ಬಿಟ್ಟ ಕೋಣೆ ಹಿಡಿದಿರುವ ಆ ವಕೀಲರು ಕಳೆದ ವಾರ ಗಲ್ಲಿಯಲ್ಲಿ ಸಿಕ್ಕಿದರು. ಬೇಗಮ್ ಸಾಹೇಬರು ಈ ಸಲ ಬಾಡಿಗೆ ಏರಿಸಲಿಲ್ಲ, ದೊಡ್ಡ ಮನಸ್ಸು ಎಂದು ಹೊಗಳಿದರು. ನಾನೂ ತಲೆಯಾಡಿಸಿದೆ. ಶುಕ್ರವಾರ ಊಟಕ್ಕೆ ಕೂತಾಗ ಗೌರಮ್ಮ ಎಂದಿನಂತೆ ಕೇಳಿದಳು.

"ಏರ್ಯದ" ಎಂದೆ.

"ಏರ್ಲಾರ್ದ ಏನ್ ಮಾಡ್ತದ? ನಮ್ಮಪ್ಪನ ಪರಸಿ" ಎಂದು ನನ್ನ ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಾಕಿದಳು.

ಬಾಡಿಗೆ ಏರಿಸುವವರಿಗೆ ಕರುಳಿಲ್ಲ ಎಂದು ದಫ್ತರದಲ್ಲಿ ಎಲ್ಲರಿಗಿಂತ ಜೋರಾಗಿ ಬೈಯುವವನು ನಾನೇ. ಬೇಗಮ್ ಸಾಹೇಬರೇ ಹೋಗಲಿ ಪಾಪ ಎಂದು ಬಿಟ್ಟ ಬಾಡಿಗೆಯನ್ನು ತಾಂಡೂರಿನಲ್ಲಿ ಕೂತು ಏರಿಸಿ ಬಂದವನೂ ನಾನೇ. ಬೆಣ್ಣೆ ಚೆನ್ನಾಗಿತ್ತು. ಮುಂದಿನ ತಿಂಗಳು ಇನ್ನೂ ಸ್ವಲ್ಪ ಏರಿಸುವ ವಿಚಾರದಲ್ಲಿದ್ದೇನೆ.