ಅಕ್ಕನ ಒಲೆ, ನನ್ನ ಕುಕ್ಕರು

ಸೌದೆ ಒಲೆಯ ಅನ್ನ ಯಾವುದು, ಕರೆಂಟಿನ ಅನ್ನ ಯಾವುದು ಎಂದು ಯಾರು ಬೇಕಾದರೂ ಒಂದೇ ತುತ್ತಿಗೆ ಹೇಳಬಲ್ಲರು. ನಮ್ಮ ಎಸ್ಟೇಟಿನಲ್ಲಿ ಈ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕರೆಂಟಿನ ಅನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಮಂಡಿ ಹಿಡಿಸುತ್ತದೆ, ಒಂದು ಗಂಟೆಗೆ ಉಂಡರೆ ಮೂರಕ್ಕೆ ಮತ್ತೆ ಹಸಿವು ಎಂಬ ಉಪಸಿದ್ಧಾಂತಗಳೂ ಇದ್ದವು. ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹೊಂಗಡಹಳ್ಳದ ಕಡೆಯ ಈ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ಅಂದರೆ ಆಳುಗಳ ಹಾಜರಿ ಬರೆಯುತ್ತೇನೆ. ಶಾಖ ಎಲ್ಲಿಂದ ಬಂತು ಎಂದು ಅಕ್ಕಿ ವಿಚಾರಿಸುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿದೆ.

"ನಿಮಗೆ ನಾಲಿಗೆ ಇಲ್ಲ ಬಿಡಿ ರೈಟ್ರೇ," ಎಂದು ನಮ್ಮ ಜೀಪಿನ ಡ್ರೈವರ್ ಚರ್ಚೆ ಮುಗಿಸಿದ.

ಇಂಥವರ ನಡುವೆ ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಂಡರೆ ಸಾಕು, ಪ್ರಸಂಗಗಳು ತಾವೇ ಬಾಗಿಲು ತಟ್ಟಿಕೊಂಡು ಬರುತ್ತವೆ.

ಸ್ಯಾಂಪಲ್

ಎಸ್ಟೇಟಿನ ಸಿಬ್ಬಂದಿಗೆ ಒಂದು ಮೆಸ್ ಇದೆ. ಅಲ್ಲಿ ಅಡುಗೆ ಮಾಡುವವರನ್ನು ತೋಟದ ಮಾಲೀಕರಾದ ಸಾಹುಕಾರರಿಂದ ಹಿಡಿದು ಎಲ್ಲರೂ ಕರೆಯುವುದು ಅಕ್ಕ ಎಂದೇ. ಹದಿನಾಲ್ಕು ವರ್ಷದಿಂದ ಅದೇ ಒಲೆ, ಅದೇ ಊದುಗೊಳವೆ. ಸಂಜೆ ಏಳಕ್ಕೆ ಊಟ ಹಾಕಿ, ಏಳೂವರೆಗೆ ಪಾತ್ರೆ ತೊಳೆದು ಕವುಚಿಬಿಡುತ್ತಾರೆ. ಏಳು ಗಂಟೆಗೆ ನನಗೆ ಹಸಿವಾಗುವುದಿಲ್ಲ. ಹಾಗಾಗಿ ಸಕಲೇಶಪುರಕ್ಕೆ ಹೋದಾಗ ಒಬ್ಬರಿಗೆ ಸಾಕಾಗುವಷ್ಟು, ಎಳೆದಾಡಿದರೆ ಇಬ್ಬರಿಗೆ ಸಾಕಾಗುವಷ್ಟು ಬೇಯಿಸುವ ಕುಕ್ಕರ್ ತಂದೆ. ಒಂದು ಗೇಣು ಎತ್ತರ. ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲೇ ಕೂರುತ್ತದೆ.

ಡಬ್ಬ ಬಿಚ್ಚುವ ಹೊತ್ತಿಗೆ ನಮ್ಮ ಸಾಲುಮನೆಗಳ, ಅಂದರೆ ಲೈನಿನ, ಅರ್ಧ ಜನ ನನ್ನ ಜಗಲಿಯಲ್ಲಿದ್ದರು. ಆಳುಗಳನ್ನು ಕೆಲಸಕ್ಕೆ ಹಚ್ಚುವ ಮೇಸ್ತ್ರಿ ಒಳಗಿನ ಪಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಾಫಿ ಕೊಳ್ಳುವವರಿಗೆ ಮೊದಲು ಒಂದು ಬೊಗಸೆ ಬೀಜ ಕಳಿಸಿಕೊಡುವುದು ನಮ್ಮಲ್ಲಿ ಪದ್ಧತಿ. ಅವರು ಆ ಅನುಭವದಿಂದಲೇ ಕೇಳಿದರು:

"ಸಾರ್, ಇದು ಸ್ಯಾಂಪಲ್ ಅಲ್ವಾ? ಮಾಲು ಯಾವಾಗ ಬರ್ತದೆ?"

ಪೂರ್ವ ದಿಕ್ಕು

ಕುಕ್ಕರ್ ಬಂದ ಸುದ್ದಿ ಕೇಳಿ ಅಕ್ಕನಿಗೆ ಬೇಜಾರಾಗಿರಬಹುದು ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆಯೇ ಬಂದರು, ಕೈಯಲ್ಲಿ ಒಂದು ಚೊಂಬು ಹಾಲು.

"ಹೊಸ ಒಲೆ. ಹಾಲು ಉಕ್ಕಿಸ್ದೆ ಅನ್ನಕ್ಕಿಡಬಾರ್ದು ಕಣ್ರೀ ರೈಟ್ರೇ."

"ಅಕ್ಕ, ಇದು ಒಲೆ ಅಲ್ಲ, ಯಂತ್ರ."

"ಬೇಯಿಸುತ್ತೋ ಇಲ್ವೋ?"

"ಬೇಯಿಸುತ್ತೆ."

"ಹಂಗಾದ್ರೆ ಒಲೆನೇ."

ತರ್ಕದಲ್ಲಿ ದೋಷ ಸಿಗಲಿಲ್ಲ. ಅಕ್ಕ ಕುಕ್ಕರಿಗೆ ಅರಿಶಿನ ಕುಂಕುಮ ಇಟ್ಟು, ಸೂರ್ಯ ಹುಟ್ಟುವ ದಿಕ್ಕಿಗೆ ತಿರುಗಿಸಿ, ಪಾತ್ರೆಯ ಕಂಠದವರೆಗೆ ಹಾಲು ಸುರಿದರು. ಹಾಲು ಪೂರ್ವಕ್ಕೆ ಉಕ್ಕಿದರೆ ಮನೆಗೆ ಒಳ್ಳೆಯದು. ಸ್ವಿಚ್ ಒತ್ತಿದೆವು. ಹಾಲು ಉಕ್ಕಿತು. ಸೌದೆ ಒಲೆಯಲ್ಲಿ ಉಕ್ಕಿದ ಹಾಲು ಬೂದಿಗೆ ಬೀಳುತ್ತದೆ. ಇಲ್ಲಿ ಅದು ಪಾತ್ರೆಯ ಹೊರಮೈಯಲ್ಲಿ ಇಳಿದು ಕಾಯುವ ತಟ್ಟೆಯ ಕೆಳಕ್ಕೆ, ತಂತಿಗಳಿರುವ ಜಾಗಕ್ಕೆ ನೇರವಾಗಿ ಹೋಯಿತು. ಟಪ್ ಎಂದಿತು. ಇಡೀ ಲೈನಿನ ಫ್ಯೂಸ್ ಹಾರಿತು. ಯಾರದೋ ಮನೆಯ ಮಿಕ್ಸಿ ಅರ್ಧ ಚಟ್ನಿಗೆ ನಿಂತಿತು, ಮೇಸ್ತ್ರಿ ಮನೆಯ ಟಿ.ವಿ.ಯಲ್ಲಿ ಪಂಚಾಂಗ ಹೇಳುತ್ತಿದ್ದವರು ಮಿಥುನ ರಾಶಿಗೆ ಮಾಯವಾದರು. ಎಲ್ಲರೂ ನನ್ನ ಬಾಗಿಲಿಗೆ ಬಂದರು.

ಅಕ್ಕ ಮಾತ್ರ ವಿಚಲಿತರಾಗಲಿಲ್ಲ.

"ಏನೇ ಅನ್ನಿ, ಉಕ್ಕಿದ್ದು ಪೂರ್ವಕ್ಕೇ."

ಕಣದಲ್ಲಿ

ಕುಕ್ಕರನ್ನು ಬಿಚ್ಚಿ, ಒರೆಸಿ, ಎರಡು ದಿನ ಕಣದಲ್ಲಿ ಕಾಫಿಯ ಜೊತೆಗೆ ಬಿಸಿಲಿಗಿಟ್ಟೆ. ಆಗಲೇ ಸಾಹುಕಾರರು ಕಣ ನೋಡಲು ಬರಬೇಕೆ?

"ಏನ್ರೀ ಇದು, ಯಾವ ತಳಿ?"

ವಿವರಿಸಿದೆ. ಅದು ನನ್ನ ತಪ್ಪು. ಎಂ.ಎಸ್ಸಿ. ಮಾಡಿದವರನ್ನು ಯಾರೂ ಏನನ್ನೂ ಕೇಳುವುದಿಲ್ಲವಾದ್ದರಿಂದ, ಕೇಳಿದಾಗ ನಿಲ್ಲಿಸುವುದು ಕಷ್ಟ. ಒಂದು ಅಳತೆ ಅಕ್ಕಿ, ಎರಡು ಅಳತೆ ನೀರು, ಒಂದು ಸ್ವಿಚ್. ಹೊಗೆಯಿಲ್ಲ, ಸೌದೆ ಬೇಡ, ಪಕ್ಕದಲ್ಲಿ ಯಾರೂ ಕಾಯಬೇಕಾಗಿಲ್ಲ ಎಂದೆ. ಸಾಹುಕಾರರ ಮುಖದಲ್ಲಿ ನಿಧಾನಕ್ಕೆ ಬೆಳಕು ಮೂಡಿತು.

"ಹಂಗಾದ್ರೆ ಒಬ್ಬೊಬ್ಬರಿಗೆ ಒಂದೊಂದು ಕೊಡಿಸ್ಬುಟ್ರೆ ಮೆಸ್ಸೇ ಬೇಕಾಗಿಲ್ಲ ಅನ್ನಿ."

ಸಾಹುಕಾರರಿಗೆ ಕಾಫಿ ತಂದ ಅಕ್ಕ ಹಿಂದೆಯೇ ನಿಂತಿದ್ದರು. ಮೆಸ್ ಮುಚ್ಚಿದರೆ ಅಕ್ಕ ಮತ್ತೆ ಕಾಫಿ ಕೊಯ್ಯಲು ತೋಟಕ್ಕಿಳಿಯಬೇಕು. ನಮ್ಮ ತೋಟ ಇರುವುದು ಇಳಿಜಾರಿನಲ್ಲಿ, ಅಕ್ಕನ ಬಲಮಂಡಿ ಮೆಟ್ಟಿಲನ್ನೇ ಒಪ್ಪುವುದಿಲ್ಲ. ಅದು ನನಗೂ ಗೊತ್ತಿತ್ತು, ಸಾಹುಕಾರರಿಗೂ ಗೊತ್ತಿತ್ತು. ಅಕ್ಕ ಲೋಟ ಮುಂದೆ ಹಿಡಿದರು.

"ತಗೊಳ್ಳಿ ಸಾಹುಕಾರ್ರೇ. ನಾಳೆಯಿಂದ ಆ ಡಬ್ಬನೇ ಕಣದ ತನಕ ನಡ್ಕೊಂಡು ಬಂದು ಕಾಫಿ ಕೊಡ್ತದೆ."

ಸಾಹುಕಾರರು ಕಾಫಿ ಕುಡಿದು, ಯುಗಾದಿ ಕಳೆಯಲಿ, ಆಮೇಲೆ ತೀರ್ಮಾನ ಮಾಡೋಣ ಎಂದರು. ಅಲ್ಲಿಯವರೆಗೆ ಸಿಬ್ಬಂದಿಯೆಲ್ಲ ಸರದಿಯಂತೆ ನನ್ನ ಕುಕ್ಕರಿನಲ್ಲಿ ಅಡುಗೆ ಮಾಡಿ ನೋಡಬೇಕು. ಅಂದಿನಿಂದ ಒಂದು ವಾರ ಮಧ್ಯಾಹ್ನದ ಊಟಕ್ಕೆ ಅಕ್ಕ ನನಗೆ ಸಾರು ಬಡಿಸಿದರು, ಸಾರಿನೊಳಗಿನ ಕಾಳು ಬಡಿಸಲಿಲ್ಲ.

ಡ್ರೈವರನ ಸರದಿ

ಡ್ರೈವರ್ ಅನ್ನಕ್ಕಿಟ್ಟು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಸ್ವಿಚ್ ಟಕ್ ಎಂದು ಮೇಲೆದ್ದಿತು. ಅವನು ಒತ್ತಿದ. ಅದು ಎದ್ದಿತು. ಮತ್ತೆ ಒತ್ತಿದ.

"ಅನ್ನ ಆಗಿದೆ ಮಾರಾಯ, ಬಿಡು," ಎಂದೆ.

"ಅದಕ್ಕೇನ್ ಗೊತ್ತು ಬೆಂದೈತೋ ಇಲ್ವೋ ಅಂತ? ಮುಚ್ಚಳ ತೆಗ್ದು ನೋಡ್ತಾ?"

ನೀರಿರುವವರೆಗೆ ಪಾತ್ರೆಯ ಬಿಸಿ ಒಂದು ಮಟ್ಟ ದಾಟುವುದಿಲ್ಲ, ನೀರು ಮುಗಿದ ಕೂಡಲೇ ದಾಟುತ್ತದೆ, ಅದನ್ನು ತಿಳಿದು ಸ್ವಿಚ್ ಏಳುತ್ತದೆ ಎಂದು ವಿವರಿಸಿದೆ. ಅವನು ಗಮನವಿಟ್ಟು ಕೇಳಿದ.

"ಅಂದ್ರೆ ನೀರು ಖಾಲಿ ಆದ್ಮೇಲೆ ಗೊತ್ತಾಗ್ತದೆ. ಅದ್ರಲ್ಲೇನೈತೆ ದೊಡ್ಡಸ್ತಿಕೆ? ಡೀಸೆಲ್ ಖಾಲಿ ಆದ್ರೆ ನಮ್ ಜೀಪಿಗೂ ಗೊತ್ತಾಗ್ತದೆ. ನಿಂತ್ಹೋಗ್ತದೆ."

ಹಾಗೆಂದು ಜೀಪಿನಿಂದ ಸ್ಪ್ಯಾನರ್ ತಂದು ಸ್ವಿಚ್ಚಿನ ಮೇಲೆ ಹೇರಿ, ಹಗ್ಗ ಸುತ್ತಿ ಕಟ್ಟಿದ. ಅರ್ಧ ಗಂಟೆಯ ಮೇಲೆ ಬಿಚ್ಚಿದಾಗ ಪಾತ್ರೆಯ ಮೇಲರ್ಧ ಅನ್ನವಿತ್ತು, ಕೆಳಗರ್ಧ ಇದ್ದಿಲು. ಪೂರ್ತಿ ತಿಂದ. ತೀರ್ಪನ್ನೂ ಕೊಟ್ಟ:

"ಈಗ ಒಂದ್ ಸ್ವಲ್ಪ ಒಲೆ ಅನ್ನದಂಗೆ ಐತೆ."

ಮೇಸ್ತ್ರಿಯ ಸರದಿ

ಮೇಸ್ತ್ರಿ ಕುಕ್ಕರನ್ನು ಎರಡು ದಿನ ಮನೆಗೆ ಒಯ್ದರು. ತಂದುಕೊಟ್ಟಾಗ ಕುಕ್ಕರ್ ಹೊಸದರಂತೆ ಹೊಳೆಯುತ್ತಿತ್ತು, ಒಳಗಿನ ಪಾತ್ರೆ ಮಾತ್ರ ಕಂಬಳಿಯಷ್ಟು ಕಪ್ಪಾಗಿತ್ತು.

"ಬಾಳ ಚೆನ್ನಾಗೈತೆ ಸಾರ್. ಸೌದೆ ಕಮ್ಮಿ ಹಿಡಿಯುತ್ತೆ."

"ಸೌದೆ?"

"ಕರೆಂಟ್ ಹೋಗ್ಬುಡ್ತು. ಒಳಗಿನ ಪಾತ್ರೆ ಎತ್ತಿ ಒಲೆ ಮೇಲಿಟ್ವಿ."

"ಎರಡು ದಿನವೂ?"

"ಎರಡನೇ ದಿನ ಕರೆಂಟ್ ಇತ್ತು. ಆದ್ರೆ ಒಲೆ ಹೆಂಗೂ ಉರೀತಿತ್ತಲ್ಲ."

ಹೊರಗಿನ ಯಂತ್ರ ಏನಾಯಿತು ಎಂದು ಕೇಳಿದೆ. ಅವರ ಹೆಂಡತಿ ಅದರೊಳಗೆ ಮೊಟ್ಟೆ ಎತ್ತಿಡುತ್ತಿದ್ದರಂತೆ, ಬೆಕ್ಕಿನ ಕೈಗೆ ಸಿಗದಿರಲೆಂದು.

ಬಲ್ಬು

ನಮ್ಮ ಲೈನಿನ ವೋಲ್ಟೇಜ್ ಎಷ್ಟು ಅಲ್ಪವೆಂದರೆ, ನಾನು ಕುಕ್ಕರ್ ಹಾಕಿದರೆ ಅಷ್ಟೂ ಮನೆಯ ಬಲ್ಬುಗಳು ಮಂಕಾಗುತ್ತಿದ್ದವು. ಇದರಿಂದ ನನ್ನ ಊಟ ಸಾರ್ವಜನಿಕ ವಿಷಯವಾಯಿತು. ಮಂಕಾದಾಗ "ರೈಟ್ರು ಇಟ್ರು" ಎನ್ನುವುದು, ಬೆಳಗಿದಾಗ "ರೈಟ್ರುದು ಆಯ್ತು" ಎನ್ನುವುದು. ಮೇಸ್ತ್ರಿಯ ಹೆಂಡತಿ ಇನ್ನೂ ಮುಂದೆ ಹೋಗಿ, ಎಷ್ಟು ಹೊತ್ತು ಮಂಕಾಗಿತ್ತು ಎಂಬುದರ ಮೇಲೆ ಅಡುಗೆಯನ್ನೇ ಹೇಳುತ್ತಿದ್ದರು: ಹತ್ತು ನಿಮಿಷಕ್ಕೆ ಉಪ್ಪಿಟ್ಟು, ಇಪ್ಪತ್ತೈದಕ್ಕೆ ಅನ್ನ, ಮುಕ್ಕಾಲು ಗಂಟೆ ದಾಟಿದರೆ ಹುರುಳಿಕಾಳು. ಒಮ್ಮೆಯೂ ತಪ್ಪಲಿಲ್ಲ. ಎರಡು ವರ್ಷ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನನ್ನ ಒಂದು ಅಳತೆಯೂ ಇಷ್ಟು ಸರಿಯಾಗಿ ಬಂದಿರಲಿಲ್ಲ.

ಒಂದು ಸಂಜೆ ಸಕಲೇಶಪುರದಲ್ಲೇ ದೋಸೆ ತಿಂದು ಬಂದು, ಏನೂ ಬೇಯಿಸದೆ ಓದುತ್ತಾ ಕೂತಿದ್ದೆ. ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ಮುಂದೆ ಮೇಸ್ತ್ರಿ, ಅವರ ಹಿಂದೆ ಡ್ರೈವರ್, ಅವನ ಹಿಂದೆ ಕುಂಟುತ್ತಾ ಅಕ್ಕ, ಕೈಯಲ್ಲಿ ಮುಚ್ಚಿದ ತಟ್ಟೆ.

"ಏನಾಯ್ತು ಸಾರ್? ಬಲ್ಬು ಮಂಕಾಗ್ಲೇ ಇಲ್ವಲ್ಲ!"

ಆರೋಗ್ಯವಾಗಿದ್ದೇನೆ ಎಂದು ನಂಬಿಸುವುದು ಕಷ್ಟವಾಯಿತು. ಡ್ರೈವರ್ ಹಣೆ ಮುಟ್ಟಿ ನೋಡಿದ. ಅಕ್ಕ ತಟ್ಟೆ ಮುಂದಿಟ್ಟರು: ಎರಡು ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ನಾನು ಯಾರ ಕೆಲಸಕ್ಕೆ ಕುತ್ತು ತಂದಿದ್ದೆನೋ ಅವರು ಮಂಡಿ ಹಿಡಿದುಕೊಂಡು ನನ್ನ ಮೂರು ಮೆಟ್ಟಿಲು ಹತ್ತಿದ್ದರು. ಹೊಟ್ಟೆ ತುಂಬಿದೆ ಅಕ್ಕ ಎಂದೆ.

"ಸುಮ್ನೆ ತಿನ್ರೀ. ನೀವು ಸತ್ತೋದ್ರೆ ಎಲ್ರೂ ನನ್ ಮೇಲೇ ಹೇಳ್ತಾರೆ."

ಪರೀಕ್ಷೆ

ಯುಗಾದಿ ಕಳೆಯಿತು. ಬರುವ ಭಾನುವಾರ ಮಧ್ಯಾಹ್ನ ತೀರ್ಮಾನ ಎಂದರು ಸಾಹುಕಾರರು. ನನ್ನ ಕುಕ್ಕರಿನ ಅನ್ನ, ಅಕ್ಕನ ಒಲೆಯ ಅನ್ನ, ಎರಡನ್ನೂ ಸಾಹುಕಾರರು, ಮೇಸ್ತ್ರಿ, ಡ್ರೈವರ್ ತಿಂದು ನೋಡುವುದು. ವ್ಯತ್ಯಾಸವೇನೂ ಇಲ್ಲವೆಂದಾದರೆ ಮೆಸ್ ಬಂದ್. ಒಂದೇ ಮೂಟೆಯ ಅಕ್ಕಿ, ಒಂದೇ ನಲ್ಲಿಯ ನೀರು ಇರಬೇಕು ಎಂದು ನಾನು ಹೇಳಿದ್ದನ್ನು ಒಪ್ಪಿದರು. ತಿನ್ನುವವರ ಕಣ್ಣು ಕಟ್ಟಬೇಕು ಎಂದದ್ದನ್ನು ಒಪ್ಪಲಿಲ್ಲ.

"ಕಣ್ಣು ಕಟ್ಕೊಂಡು ಉಣ್ಣಕ್ಕೆ ನಾವೇನು ಗಾಣದ ಎತ್ತೇನ್ರೀ?"

ಭಾನುವಾರ ಮೆಸ್ಸಿನ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ನಾನು ಕುಕ್ಕರಿನ ಪಾತ್ರೆ ಇಟ್ಟೆ. ಅಕ್ಕ ಸ್ವಲ್ಪ ತಡವಾಗಿ ಬಂದು ತಮ್ಮ ಕರಿ ಪಾತ್ರೆಯನ್ನು ಪಕ್ಕದಲ್ಲಿಟ್ಟರು. ಕಣ್ಣು ಕೆಂಪಾಗಿತ್ತು, ಕೂದಲಿನಲ್ಲಿ ಬೂದಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಾಗಿಲಿಗೆ ಒರಗಿ ನಿಂತರು.

ಮೊದಲು ನನ್ನ ಅನ್ನ. ಡ್ರೈವರ್ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದ.

"ಕರೆಂಟೇ. ನಾಲಿಗೆ ಮೇಲೆ ಜುಂ ಅಂತೈತೆ."

"ಅನ್ನ ಬೆಂದೈತೆ, ಇಲ್ಲ ಅನ್ನಲ್ಲ," ಎಂದರು ಮೇಸ್ತ್ರಿ. "ಆದ್ರೆ ಜೀವ ಇಲ್ಲ."

ಆಮೇಲೆ ಅಕ್ಕನ ಪಾತ್ರೆ. ಮೇಸ್ತ್ರಿ ಕಣ್ಣು ಮುಚ್ಚಿ ಅಗಿದರು. ಡ್ರೈವರ್ ತುತ್ತು ನುಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನೋಡಿ, ಹೋಗಿ ಕೂತ್ಕೊಂತು. ಇದು ನಿಲ್ಲೋ ಅನ್ನ," ಎಂದ. ಸಾಹುಕಾರರು ಮೊದಲು ಮೂಸಿದರು, ಆಮೇಲೆ ತಿಂದರು, ಆಮೇಲೆ ಮತ್ತೆ ಹಾಕಿಸಿಕೊಂಡರು.

"ಆ ಹೊಗೆ ಘಮ ಐತಲ್ಲ, ಅದು ಯಾವ ಮಿಷನ್ನಿಗೂ ಬರಲ್ಲ. ನಮ್ಮವ್ವ ಮಾಡಿದಂಗೇ ಐತೆ. ಎಷ್ಟು ಹೊತ್ತು ಬೇಯಿಸ್ದೆ ಅಕ್ಕ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿದರು.

"ಅದು ಬೇಯೋ ಅಷ್ಟೊತ್ತು, ಸಾಹುಕಾರ್ರೇ."

"ಮೆಸ್ ಮುಚ್ಚೋ ಮಾತು ಇನ್ನು ಯಾರೂ ಎತ್ತಬಾರ್ದು," ಎಂದು ಅವರು, ಆ ಮಾತನ್ನು ಎತ್ತಿದ್ದು ನಾವೇ ಎಂಬಂತೆ, ನಮ್ಮನ್ನು ಗದರಿದರು. ಆಮೇಲೆ ನನ್ನತ್ತ ತಿರುಗಿದರು.

"ಏನಂತೀರಿ ಎಂ.ಎಸ್ಸಿ.? ಈಗಲಾದ್ರೂ ವ್ಯತ್ಯಾಸ ಗೊತ್ತಾಯ್ತಾ?"

"ಸ್ಪಷ್ಟವಾಗಿ ಗೊತ್ತಾಯಿತು ಸಾರ್," ಎಂದೆ.

ಅಂದು ಮೆಸ್ಸಿಗೆ ಬಂದಿದ್ದ ಸೌದೆ ನೆರಳುಮರಗಳಿಂದ ಹಿಂದಿನ ದಿನವಷ್ಟೇ ಕಡಿದ ಹಸಿ ರೆಂಬೆ. ಅಕ್ಕ ಎರಡು ಗಂಟೆ ಊದಿದರೂ ಒಲೆ ಹೊತ್ತಲಿಲ್ಲ. ಎರಡೂ ಪಾತ್ರೆಯಲ್ಲಿದ್ದದ್ದು ನನ್ನ ಕುಕ್ಕರಿನ ಒಂದೇ ಅನ್ನ.