ಕರೆದರೆ ಬಂದುಬಿಡುವ ದೇಶದಲ್ಲಿ

ಊಟಕ್ಕೆ ಕರೆಯುವುದೇ ಬೇರೆ, ಊಟ ಹಾಕುವುದೇ ಬೇರೆ. ಇದನ್ನು ನನಗೆ ಯಾರೂ ಹೇಳಿಕೊಟ್ಟ ನೆನಪಿಲ್ಲ. ನಮ್ಮ ಹಿರೇಹಡಗಲಿಯಲ್ಲಿ ಎಮ್ಮೆಕರುವಿಗೆ ಈಜು ಬರುವ ಹಾಗೆ ಮಕ್ಕಳಿಗೆ ಇದು ತಾನಾಗಿಯೇ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಊಟಕ್ಕೆ ಕೂತವರು ಬಾಗಿಲು ಹಾಕಿಕೊಳ್ಳುವುದಿಲ್ಲ. ಹೊರಗೆ ಯಾರೇ ಹಾದುಹೋಗಲಿ, ಬಾಯಲ್ಲಿನ ತುತ್ತನ್ನು ಒಂದು ದವಡೆಗೆ ಸರಿಸಿ "ಬರ್ರಿ, ಊಟ ಮಾಡೋಣ" ಎನ್ನಬೇಕು. ಹಾದುಹೋಗುವವರು ನಡಿಗೆ ನಿಲ್ಲಿಸದೆ "ನಮ್ದೀಗ ಆತ್ರಿ, ನೀವು ಮಾಡ್ರಿ" ಎನ್ನಬೇಕು. ಅವರ ಮನೆಯ ಒಲೆ ಇನ್ನೂ ಹೊತ್ತಿಲ್ಲವೆಂದು ಕರೆದವರಿಗೂ ಗೊತ್ತು. ಇವರ ಬುಟ್ಟಿಯಲ್ಲಿ ಇರುವ ರೊಟ್ಟಿ ಮನೆಮಂದಿಗಷ್ಟೇ ಎಂದು ಬೇಡವೆಂದವರಿಗೂ ಗೊತ್ತು. ನಿಜವಾಗಿಯೂ ಉಣ್ಣಿಸುವ ಮನಸ್ಸಿದ್ದರೆ ಎರಡನೆಯ ಸಲ ಕರೆಯುತ್ತಾರೆ, ಮೂರನೆಯ ಸಲ ಕೈ ಹಿಡಿದು ಎಳೆಯುತ್ತಾರೆ. ಆಗ ಮಾತ್ರ "ಏನ್ ಬಿಡಂಗಿಲ್ಲ ನೀವು" ಎಂದು ಚಪ್ಪಲಿ ಬಿಡಬೇಕು. ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ನಾಲ್ಕೈದು ಊಟ ಬೇಡವೆಂದಿರುತ್ತೇವೆ. ಹಾಗೆ ಬೇಡವೆನ್ನುತ್ತಲೇ ಅರ್ಧ ಹೊಟ್ಟೆ ತುಂಬಿರುತ್ತದೆ.

ಇಷ್ಟು ವಿದ್ಯೆ ಇಟ್ಟುಕೊಂಡು ನಾನು ತೊಂಬತ್ತರ ದಶಕದ ಕೊನೆಯಲ್ಲಿ ಹೂವಿನ ಬೇಸಾಯ ಓದಲು ಹಾಲೆಂಡಿಗೆ ಹೋದೆ. ಮಲ್ಲಿಗೆ ಬೆಳೆಯುವ ತಾಲ್ಲೂಕಿನ ಹುಡುಗಿ ಟುಲಿಪ್ ಬೆಳೆಯುವ ದೇಶಕ್ಕೆ ಹೋಗುವುದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ಆದರೆ ಎದುರುಮನೆಯ ಗೌರಕ್ಕ, "ಇಲ್ಲೇ ಹೊಲದಾಗ ಹೂವು ಹರದಿದ್ರ ವಿಮಾನದ ಖರ್ಚು ಉಳೀತಿತ್ತಲ್ಲವ್ವ" ಎಂದು ಕಳಿಸಿಕೊಟ್ಟಿದ್ದಳು. ಅವ್ವ ಒಂದು ಹಳೆಯ ಸೀರೆಯ ತುಂಡಿನಲ್ಲಿ ಖಡಕ್ ರೊಟ್ಟಿಯ ಪೆಂಡಿ ಕಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಕೊಟ್ಟು, "ಸಂಕ್ರಾಂತಿ ಮಟ ಬರ್ತಾವು. ಕೈ ಹಿಡದು ತಿನ್ನು" ಎಂದಿದ್ದಳು.

ಮೊದಲ ತಿಂಗಳುಗಳ ಬಗ್ಗೆ ನಾನು ಏನು ಹೇಳಿದರೂ ಪೂರ್ತಿ ನಂಬಬೇಡಿ. ನನ್ನ ಡೈರಿಯಲ್ಲಿ ಹೆಚ್ಚಿನ ದಿನಗಳಿಗೆ "ಮಂಜು" ಎಂಬ ಒಂದೇ ಪದವಿದೆ. ನೆನಪಿನಲ್ಲಿಯೂ ಅದೇ ಇದೆ. ಹಾಸ್ಟೆಲಿನ ಅಡುಗೆಮನೆಗೆ ಗೋಡೆಯಗಲದ ಕಿಟಕಿ, ಕಿಟಕಿಯಾಚೆ ಕಾಲುವೆ, ಕಾಲುವೆಯ ಮೇಲೆ ಎಲ್ಲಿಗೂ ಹೋಗುವ ಅವಸರವಿಲ್ಲದ ದೋಣಿ. ಮಂಜು ಇಳಿದಾಗ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ನೋಡುತ್ತ ನೋಡುತ್ತ ನನಗೆ ಅದು ನಮ್ಮ ಕಡೆಯ ಮಾಗಳದ ಹತ್ತಿರದ ತುಂಗಭದ್ರೆಯೇ ಅನಿಸಿ, ಆಚೆ ದಂಡೆಯಿಂದ ಯಾರೋ ನನ್ನನ್ನು "ಗಿರಿಜಾ" ಎಂದು ಕೂಗಿದ ಹಾಗಾಗುತ್ತಿತ್ತು. ತುಂಗಭದ್ರೆಯ ಮೇಲೆ ಅಂಥ ಮಂಜನ್ನು ನಾನು ಎಂದಾದರೂ ಕಂಡಿದ್ದೆನೇ? ಅನುಮಾನ. ಮನಸ್ಸು ಪರದೇಶದಲ್ಲಿ ಕೂತು ಊರನ್ನು ತನಗೆ ಬೇಕಾದಂತೆ ನೇಯ್ದುಕೊಳ್ಳುತ್ತದೆ.

ಅಲ್ಲಿಯ ಜನ ಕೆಟ್ಟವರಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಿದ್ದರು, ಅಷ್ಟೇ. ಪಕ್ಕದ ಕೋಣೆಯ ಮರೈಕೆ ಆ ದೇಶದವಳೇ. ನನಗಿಂತ ಒಂದು ಮೊಳ ಎತ್ತರ, ಗಾಳಿಗೆ ಎದುರಾಗಿ ಸೈಕಲ್ ಹೊಡೆದೂ ಹೊಡೆದೂ ಕೆಂಪಾದ ಕೆನ್ನೆ. ನಾನು ಬಂದ ಹೊಸತರಲ್ಲಿ ಆಕೆ ಬಟಾಣಿ ಸೂಪು ಮಾಡಿ, "ನಿನಗೂ ಬೇಕೆ?" ಎಂದಳು. ಹಸಿವಿನಿಂದ ನನ್ನ ಕಣ್ಣು ಕತ್ತಲಿಡುತ್ತಿತ್ತು. "ಬೇಡ, ನನ್ನದಾಯಿತು" ಎಂದೆ. "ಸರಿ" ಎಂದು ಆಕೆ ಸೂಪನ್ನು ಒಯ್ದು ಫ್ರಿಜ್ಜಿನಲ್ಲಿಟ್ಟಳು. ಎರಡನೆಯ ಕರೆ ಬಂದೀತೆಂದು ನಾನು ಸಿಂಕಿನ ಬಳಿ ತೊಳೆದ ಲೋಟವನ್ನೇ ತೊಳೆಯುತ್ತ ನಿಂತೆ. ಬರಲಿಲ್ಲ. ಈ ದೇಶದಲ್ಲಿ ನಾನು ಸತ್ತರೂ ಒಂದೇ ಸಲ ಕೇಳುತ್ತಾರೆ ಅನಿಸಿ ಅಳು ಬಂತು.

ಊರಲ್ಲಿ ನಮ್ಮ ಓಣಿಗೆಲ್ಲ ಒಂದೇ ಫೋನು, ಔಷಧಿ ಅಂಗಡಿಯದು. ಭಾನುವಾರ ಅವ್ವ ಬಂದು ಅಲ್ಲಿ ಕಾಯುತ್ತಿದ್ದಳು. ನಾನು "ಹಲೋ" ಎಂದರೆ ಸಾಕು, ಅವಳ ಪ್ರಶ್ನೆ ಸಿದ್ಧವಿರುತ್ತಿತ್ತು.

"ಊಟ ಆತೇನವ್ವಾ?"

"ಆತು."

"ಯಾರರ ಉಣ್ಣಾಕ ಕರಿತಾರೇನು ಅಲ್ಲಿ?"

ನಾನು ಮಂಜಿನ ಸುದ್ದಿ ತೆಗೆದೆ. ಸುತ್ತುಬಳಸಿ ಮಾತಾಡಿದ ಹೊತ್ತಿಗೂ ದುಡ್ಡು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. "ನೋಡವ್ವ, ಕರಿಯೋರು ಇಲ್ಲದ ಊರಾಗ ಜೀವ ಹೆಂಗ ನಿಲ್ಲತೈತಿ? ಸಂಕ್ರಾಂತಿ ಮಟ ನೋಡು. ಒಗ್ಗಲಿಲ್ಲಂದ್ರ ಬಂದ್ಬಿಡು. ಓದು ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು. ಹಿಂದಿನಿಂದ ಅಂಗಡಿಯವನೂ, "ಬಂದ್ಬಿಡಾಕ ಹೇಳ್ರಿ, ಅಲ್ಲಿ ಥಂಡಿ ಭಾಳಂತ" ಎಂದದ್ದು ಕೇಳಿಸಿತು. ಬರುತ್ತೇನೆಂದು ನಾನು ಮನಸ್ಸಿನಲ್ಲಿ ಹೆಚ್ಚುಕಡಿಮೆ ನಿಶ್ಚಯಿಸಿಬಿಟ್ಟೆ.

ಅದೇ ವಾರವೋ ಮುಂದಿನ ವಾರವೋ, ಸಂಜೆ ಕಿಟಕಿಯ ಬಳಿ ಕೂತು ರೊಟ್ಟಿ ಮುರಿಯುತ್ತಿದ್ದೆ. ಹೊರಗೆ ಮಂಜು, ಒಳಗೆ ಹಳದಿ ದೀಪ. ಕೂತಿದ್ದು ನಮ್ಮ ಪಡಸಾಲೆಯಲ್ಲೋ ಇಲ್ಲಿಯೋ ಎಂಬುದು ಅರ್ಧ ಮರೆತುಹೋಗಿತ್ತು. ಬಾಗಿಲ ಬಳಿ ಯಾರೋ ಹಾದುಹೋದ ನೆರಳು ಕಂಡಿತು. ನನ್ನ ಬಾಯಿ ನನ್ನನ್ನು ಕೇಳದೆಯೇ, ಇಂಗ್ಲಿಷಿನಲ್ಲಿ, "ಬಾ, ಊಟ ಮಾಡೋಣ" ಎಂದುಬಿಟ್ಟಿತು.

ಮರೈಕೆ ಬಂದಳು. ಕುರ್ಚಿ ಎಳೆದು ಕೂತು, "ಧನ್ಯವಾದ" ಎಂದು ಒಂದು ರೊಟ್ಟಿ ಎತ್ತಿಕೊಂಡಳು. ಒಂದೇ ಸಲ ಕರೆದದ್ದಕ್ಕೆ ಬಂದು ಕೂತವರನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಆಕೆ ಅದನ್ನು ಬಿಸ್ಕತ್ತಿನಂತೆ ಕರಕರ ಕಡಿದು, ಚಟ್ನಿಪುಡಿಗೆ ಕೆಮ್ಮಿ, ಕಣ್ಣೊರೆಸಿಕೊಂಡು ಇನ್ನೊಂದು ಎತ್ತಿಕೊಂಡಳು. ಮರುದಿನವೂ ಹಾದುಹೋದಳು. ಕರೆಯಬಾರದೆಂದು ತುಟಿ ಕಚ್ಚಿ ಕೂತೆ. ಆದರೆ ಉಣ್ಣುವಾಗ ಮುಂದೆ ಹೋಗುವವರನ್ನು ಕರೆಯದಿದ್ದರೆ ತುತ್ತು ಇಳಿಯಬೇಕಲ್ಲ. ಕರೆದೆ, ಬಂದಳು. ಅವ್ವ ಸಂಕ್ರಾಂತಿಗೆಂದು ಕಟ್ಟಿದ್ದ ಪೆಂಡಿ ಕರಗತೊಡಗಿತು. ಬಾಗಿಲು ಹಾಕಿ ಉಣ್ಣೋಣವೆಂದರೆ ಅದು ನಮ್ಮ ಕಡೆ ಮನೆಯಲ್ಲಿ ಜಗಳವಾದಾಗ ಮಾಡುವ ಕೆಲಸ.

ಹೀಗಿರುವಾಗ ಒಂದು ಸಂಜೆ, ನಾವಿಬ್ಬರೂ ಕೂತಿದ್ದಾಗ, ಇಥಿಯೋಪಿಯಾದ ತಡೆಸ್ಸೆ ಅಡುಗೆಮನೆಗೆ ಬಂದ. ಮೇಲಿನ ಮಹಡಿಯವನು, ಮಣ್ಣಿನ ಬಗ್ಗೆ ಓದುತ್ತಿದ್ದ, ಮಾತು ಕಡಿಮೆ. ಕೈಯಲ್ಲಿ ಖಾಲಿ ಪಾತ್ರೆಯಿತ್ತು. ಅಡುಗೆ ಮಾಡಿಕೊಳ್ಳಲೆಂದೇ ಬಂದಿದ್ದ. "ಬಾ, ಊಟ ಮಾಡೋಣ" ಎಂದೆ. ಅವನು ಪಾತ್ರೆಯನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿ, ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, "ನನ್ನದು ಈಗಷ್ಟೇ ಆಯಿತು. ನೀವು ಮಾಡಿ" ಎಂದ.

ಆ ಕ್ಷಣ ಮಂಜು, ಕಾಲುವೆ, ಹಳದಿ ದೀಪ ಎಲ್ಲವೂ ದೂರ ಸರಿದು ನಾನು ನಮ್ಮ ಓಣಿಯಲ್ಲಿದ್ದೆ. ಎಷ್ಟು ಚೆಂದದ ಸುಳ್ಳು. ನಮ್ಮೂರ ಹಿರಿಯರೂ ಅಷ್ಟು ನಯವಾಗಿ ಬೇಡವೆಂದದ್ದು ನನಗೆ ನೆನಪಿಲ್ಲ. ಎರಡನೆಯ ಸಲ ಕರೆದೆ. "ಇಲ್ಲ, ಇಲ್ಲ, ಹೊಟ್ಟೆಯಲ್ಲಿ ಜಾಗವಿಲ್ಲ" ಎಂದ. ನಾನು ಎದ್ದುಹೋಗಿ ಅವನ ತೋಳು ಹಿಡಿದು ಎಳೆದೆ. ಮರೈಕೆ ಗಾಬರಿಯಾಗಿ ಎದ್ದು ನಿಂತಳು.

"ಗಿರಿಜಾ, ಅವನು ಬೇಡ ಎಂದನಲ್ಲ. ಒತ್ತಾಯ ಮಾಡುವುದು ತಪ್ಪು" ಎಂದಳು.

"ಬೇಡ ಎಂದದ್ದಕ್ಕೇ ಕರೆಯುತ್ತಿದ್ದೇನೆ" ಎಂದೆ.

"ಹಾಗಾದರೆ ಬೇಕು ಎಂದರೆ?"

"ಬೇಕು ಎನ್ನುವವರನ್ನು ಕರೆಯುವುದಿಲ್ಲ" ಎಂದ ತಡೆಸ್ಸೆ, ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಿಸುತ್ತ. ಅವರ ಊರಿನಲ್ಲಿಯೂ ಹೀಗೇ ಅಂತೆ. ಉಂಡಾದ ಮೇಲೆ ಅವನು ಮರೈಕೆಗೆ ನಿಯಮಗಳನ್ನೆಲ್ಲ ವಿವರಿಸಿದ. ಆಕೆ ಹುಬ್ಬು ಗಂಟಿಕ್ಕಿ ಕೇಳಿ, "ಅಂದರೆ ಇಷ್ಟು ದಿನ ನೀನು ನನ್ನನ್ನು ಕರೆಯಲೇ ಇಲ್ಲ, ಅಲ್ಲವೇ?" ಎಂದು ಎದ್ದು ನಿಂತು ನನ್ನ ಮುಖ ನೋಡಿದಳು. ಆಕೆಯ ಕೈ ಹಿಡಿದು ಎಳೆದು ಮತ್ತೆ ಕೂರಿಸಿ, ತಟ್ಟೆಗೆ ಒಂದು ರೊಟ್ಟಿ ಹಾಕಿದೆ.

ಪೆಂಡಿ ಸಂಕ್ರಾಂತಿಗೆ ಬಹಳ ಮೊದಲೇ ಮುಗಿಯಿತು. ಮುಗಿದ ದಿನ ನಾನು ಸಪ್ಪೆಮೋರೆ ಹಾಕಿಕೊಂಡು ಕೋಣೆಯಲ್ಲಿ ಕೂತಿದ್ದೆ. ಮರೈಕೆ ಬಾಗಿಲಲ್ಲಿ ಬಂದು ನಿಂತು, "ಊಟಕ್ಕೆ ಬಾ" ಎಂದಳು. ಬೇಡವೆಂದೆ. ಉಸಿರು ತೆಗೆದುಕೊಳ್ಳದೆ, "ಊಟಕ್ಕೆ ಬಾ, ಊಟಕ್ಕೆ ಬಾ" ಎಂದು ಉಳಿದೆರಡನ್ನೂ ಒಟ್ಟಿಗೆ ಮುಗಿಸಿ, ತೋಳು ಹಿಡಿದು ಎಳೆದಳು. ಗಾಳಿಗೆ ಎದುರಾಗಿ ಸೈಕಲ್ಲಿನ ಹಿಡಿಕೆ ಹಿಡಿದ ಕೈ. ಭುಜ ಮೂರು ದಿನ ನೋಯುತ್ತಿತ್ತು. ಆ ಭಾನುವಾರ ಅವ್ವ ಅದೇ ಪ್ರಶ್ನೆ ಕೇಳಿದಾಗ, "ಹ್ಞೂಂ, ಕರಿತಾರ" ಎಂದೆ. "ಹಂಗಾರ ಓದು ಮುಗಿಸ್ಕೆಂಡ ಬಾ" ಎಂದಳು. ಹಾಗೆಯೇ ಆಯಿತು.

ಓದು ಮುಗಿಸಿ ಊರಿಗೆ ಬಂದ ಮರುದಿನ ಸಂಜೆ, ಗೌರಕ್ಕನ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಅವಳು ಊಟಕ್ಕೆ ಕೂತಿದ್ದಳು. "ಬಾರವ್ವ ಗಿರಿಜಾ, ಊಟ ಮಾಡೋಣ" ಎಂದಳು. "ಆಗಲಿ ಗೌರಕ್ಕ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಕೂತ ಮೇಲೆಯೇ ನನಗೆ ತಿಳಿದದ್ದು. ಗೌರಕ್ಕನ ಕೈಯಲ್ಲಿನ ತುತ್ತು ಅಲ್ಲಿಯೇ ನಿಂತಿತ್ತು. ಬುಟ್ಟಿಯಲ್ಲಿ ಒಂದೇ ಒಂದು ರೊಟ್ಟಿ. ಅದನ್ನು ಮುರಿದು ಅರ್ಧ ನನಗೆ ಕೊಟ್ಟಳು. ನನಗೆ ಏಳುವುದಕ್ಕೂ ಆಗದು, ನುಂಗುವುದಕ್ಕೂ ಆಗದು.

ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. "ಒಂದ ಸಲಕ್ಕ ಕುಂತ್ಲಂತಲ್ಲ. ಆ ದೇಶದಾಗ ಉಪಾಸ ಕೆಡವಿದ್ರೇನ ನಿನ್ನ?" ಎಂದು ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ತನ್ನ ಮಗಳ ಜಾಗದಲ್ಲಿ ಇನ್ಯಾರೋ ಬಂದಿದ್ದಾರೆಯೇ ಎಂದು ಪರೀಕ್ಷಿಸುವ ಹಾಗೆ. ಆಮೇಲೆ ತಟ್ಟೆ ಹಾಕಿ ಬಿಸಿರೊಟ್ಟಿ ಬಡಿಸಿದಳು. ಮೊದಲಿನದು ಮುಗಿಯಿತು, ಹಸಿವು ಮುಗಿಯಲಿಲ್ಲ. "ಇನ್ನೊಂದು ಹಾಕ್ಲೇನವ್ವಾ?" ಎಂದಳು. ನಾನಿನ್ನೂ ಇದೇ ಊರಿನವಳೆಂದು ತೋರಿಸುವ ಹಟದಲ್ಲಿ, ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಹಿಡಿದು, "ಬ್ಯಾಡವ್ವ, ಹೊಟ್ಟಿ ತುಂಬೈತಿ" ಎಂದೆ.

"ಹೌದೇನು, ಆತು ಬಿಡು. ಆ ದೇಶ ನೋಡಿ ಬಂದಾಕಿ, ಈಗ ನೀನು ಒಂದ ಸಲಕ್ಕ ಖರೇನ ಹೇಳತೀ" ಎಂದು ಅವ್ವ ಒಲೆ ಆರಿಸಿದಳು.